ಯಂತ್ರ ಕಟ್ಟುವ ಊರು

ಬಸವನಗುಡಿಯ ಕಹಳೆ ಬಂಡೆಯ ಮೇಲೆ ನಿಂತು ಸುತ್ತಲೂ ನೋಡದವರು ನಮ್ಮಲ್ಲಿ ವಿರಳ. ಅಲ್ಲಿಂದ ಕಾಣುವ ಮನೆ, ಗೋಪುರ, ಮರಗಳನ್ನೆಲ್ಲ ಉದ್ದ, ಅಗಲ, ಎತ್ತರಗಳ ಸಹಿತ ಒಂದು ಪ್ರತಿರೂಪವಾಗಿ ಕಟ್ಟಬಹುದೆ? ಕಟ್ಟಬಹುದು; ಈಗ ಆ ಕೆಲಸವನ್ನು ಬಹುಮಟ್ಟಿಗೆ ಗಣಕಯಂತ್ರವೇ ಮಾಡುತ್ತದೆ.

1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಳಿಯಿಂದ ನೆಲವನ್ನು ಅಳೆದನು. ಇಂದು ಸರಪಳಿಯ ಸ್ಥಾನವನ್ನು ಬೆಳಕು ಪಡೆದಿದೆ. ವಿಮಾನದಿಂದ ಕೆಳಕ್ಕೆ ಬಿಟ್ಟ ಲೇಸರ್ ಕಿರಣವು ಸೂರಿಗೆ ತಾಗಿ ಹಿಂದಿರುಗಲು ಹಿಡಿದ ಕಾಲದಿಂದ ದೂರವನ್ನು ಲೆಕ್ಕ ಹಾಕುತ್ತಾರೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು; ಗಡಿಯಾರ ಎಷ್ಟು ಸೂಕ್ಷ್ಮವಾಗಿರಬೇಕೆಂಬುದನ್ನು ನೀವೇ ಊಹಿಸಿ.

ಇನ್ನೊಂದು ಕ್ರಮವೂ ಉಂಟು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿ. ಬೆರಳು ಸರಿದಂತೆ ತೋರುವುದಲ್ಲವೆ? ಹತ್ತಿರವಿದ್ದಷ್ಟೂ ಹೆಚ್ಚು ಸರಿಯುತ್ತದೆ. ಆಕಾಶದಿಂದ ಬೇರೆ ಬೇರೆ ಕಡೆ ನಿಂತು ತೆಗೆದ ಛಾಯಾಚಿತ್ರಗಳಲ್ಲಿ ಈ ಸರಿತವನ್ನು ಅಳೆದರೆ ಎತ್ತರ ದೊರೆಯುತ್ತದೆ.

ಹೀಗೆ ಸಿಕ್ಕ ಕೋಟ್ಯಂತರ ಬಿಂದುಗಳು ರಂಗೋಲಿಯ ಚುಕ್ಕಿಗಳಿದ್ದಂತೆ. ಗೆರೆ ಎಳೆಯುವುದು ಗಣಕದ ಕೆಲಸ. ನೆಲ, ಮರ, ಸೂರುಗಳನ್ನು ಅದು ಬೇರ್ಪಡಿಸುತ್ತದೆ. ಸೂರಿನ ಮಟ್ಟದಿಂದ ನೆಲದ ಮಟ್ಟವನ್ನು ಕಳೆದು, ಮನೆಯ ತಳನಕ್ಷೆಯ ಮೇಲೆ ಅಷ್ಟೆತ್ತರಕ್ಕೆ ಗೋಡೆ ನಿಲ್ಲಿಸುತ್ತದೆ. ನೆದರ್‌ಲೆಂಡ್ಸ್ ದೇಶದ ಸುಮಾರು 1 ಕೋಟಿ ಕಟ್ಟಡಗಳನ್ನು ಡೆಲ್ಫ್ಟ್ ವಿಶ್ವವಿದ್ಯಾಲಯದವರು ಹೀಗೆಯೇ ರೂಪಿಸಿದ್ದಾರೆ. 2025ರಲ್ಲಿ ಭಾರತ ಸರ್ಕಾರವು 152 ನಗರ ಸಂಸ್ಥೆಗಳಲ್ಲಿ ಆರಂಭಿಸಿದ ‘ನಕ್ಷಾ’ ಯೋಜನೆಯಲ್ಲಿಯೂ ಭೂಮಾಪನಕ್ಕೆ ಆಕಾಶದ ಅಳತೆಯೇ ಆಧಾರ.

ಇದರ ಪ್ರಯೋಜನವೇನು? 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬಡಾವಣೆಗಳು ಮುಳುಗಿದುದನ್ನು ಕಂಡೆವು. ನೆಲದ ಏರಿಳಿತವೂ ಕಟ್ಟಡಗಳ ಅಡ್ಡಗಟ್ಟೂ ಸರಿಯಾಗಿ ತಿಳಿದರೆ, ನೀರು ಯಾರ ಬಾಗಿಲಿಗೆ ಬಂದೀತೆಂಬುದನ್ನು ಮಳೆಗೆ ಮೊದಲೇ ಲೆಕ್ಕ ಹಾಕಬಹುದು.

ಆದರೆ ಯಂತ್ರಕ್ಕೂ ಕುರುಡುಂಟು. ಮಲ್ಲೇಶ್ವರದ ದಟ್ಟ ಮರಗಳ ಅಡಿಯಲ್ಲಿ ಅಡಗಿದ ಹೆಂಚಿನ ಮನೆ ಅದಕ್ಕೆ ಸರಿಯಾಗಿ ಕಾಣದು. ಇಳಿಮಾಡು ಬರಿಯ ಪೆಟ್ಟಿಗೆಯಾಗಿಬಿಡಬಹುದು. ಸೂರಿನ ಕೆಳಗಿನ ಜಗಲಿಯಂತೂ ಮೇಲಿನಿಂದ ಕಾಣುವುದೇ ಇಲ್ಲ. ಬೀದಿಯಲ್ಲಿ ನಿಂತು ತೆಗೆದ ಚಿತ್ರಗಳು ಈ ಕೊರತೆಯನ್ನು ತುಂಬಬಲ್ಲವು.

1892ರಲ್ಲಿ ರೂಪುಗೊಂಡ ಚಾಮರಾಜಪೇಟೆಯಲ್ಲಿ ನಾನು ಬೆಳೆದ ಮನೆ ಇಂದಿಲ್ಲ. ಅದರ ಮೂರು ಛಾಯಾಚಿತ್ರಗಳು ಉಳಿದಿವೆ. ಮೂರರಲ್ಲಿಯೂ ಮದುವೆಯ ಗುಂಪು ಮನೆಯನ್ನು ಮರೆಮಾಡಿದೆ. ಆ ಮೂರರಿಂದ ಯಾವ ಗಣಕವೂ ಅದನ್ನು ಮತ್ತೆ ಕಟ್ಟಲಾರದು. ನಿಮ್ಮದು ಹಳೆಯ ಮನೆಯಾಗಿದ್ದರೆ, ಕೆಡಹುವ ಮುನ್ನ ಜನರನ್ನು ಪಕ್ಕಕ್ಕೆ ನಿಲ್ಲಿಸಿ, ನಾಲ್ಕು ದಿಕ್ಕಿನಿಂದಲೂ ಚಿತ್ರ ತೆಗೆದಿಡಿ; ಒಂದು ಬಾಗಿಲಿನ ಎತ್ತರವನ್ನಾದರೂ ಅಳೆದು ಬರೆದಿಡಿ. ಉಳಿದ ಅಳತೆಗಳನ್ನು ಅದರಿಂದ ಸಾಧಿಸಿಕೊಳ್ಳಬಹುದು.