ಮನೆಯೊಳಗೆ ಅಂತರ್ಜಾಲದ ವೇಗವು ಕುಂದುವುದೇಕೆ? ಮಂಕಿಯ ಕಡೆಯ ಮನೆಗಳಿಗೆ ಕೆಲವು ಸೂಚನೆಗಳು

ಹೊನ್ನಾವರ ತಾಲೂಕಿನ ಮಂಕಿಯಲ್ಲಿಯೂ ಅದರ ನೆರೆಹೊರೆಯ ಊರುಗಳಲ್ಲಿಯೂ ಕೃಷಿಯ ಸಂಬಂಧವಾಗಿ ಸಂಚರಿಸುವಾಗ ಒಕ್ಕಲುಮಕ್ಕಳಿಂದ ಕೇಳಿಬರುವ ದೂರುಗಳಲ್ಲಿ ಅಡಿಕೆಯ ಕೊಳೆರೋಗದ್ದು ಒಂದಾದರೆ, ಮನೆಯ ಅಂತರ್ಜಾಲದ್ದು ಇನ್ನೊಂದಾಗಿದೆ. ಕೃಷಿಯ ಪತ್ರಿಕೆಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಆದರೆ ಪಹಣಿಯ ನಕಲು, ಫ್ರೂಟ್ಸ್ ಗುರುತಿನ ಸಂಖ್ಯೆ, ಪಿ.ಎಂ. ಕಿಸಾನ್ ಸಹಾಯಧನಕ್ಕೆ ಬೇಕಾದ ಇ-ಕೆವೈಸಿ, ರೈತರೇ ತಮ್ಮ ಮೊಬೈಲಿನಿಂದ ಮಾಡಿ ಕಳುಹಿಸುವ ಬೆಳೆ ಸಮೀಕ್ಷೆಯ ಚಿತ್ರಗಳು, ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನಾಧಾರಿತ ವಿಮೆ, ಇವೆಲ್ಲವೂ ಈಗ ಅಂತರ್ಜಾಲವನ್ನೇ ಆಶ್ರಯಿಸಿರುವುದರಿಂದ, ಮನೆಯೊಳಗೆ ಅದು ಸರಿಯಾಗಿ ಹರಿಯದಿದ್ದರೆ ಬೇಸಾಯಗಾರನಿಗೆ ಒದಗುವ ನಷ್ಟವು ಅಲ್ಪವಾದುದಲ್ಲ.

ಹೋದ ವರ್ಷ ಆರಿದ್ರಾ ಮಳೆಯು ಹಿಡಿದಿದ್ದ ದಿನಗಳಲ್ಲಿ ಮಂಕಿಯ ಒಬ್ಬ ತೋಟದ ಯಜಮಾನರ ಮನೆಗೆ ಹೋಗುವ ಪ್ರಸಂಗ ಬಂದಿತು. ವಿಮೆಯ ನೋಂದಣಿಗೆ ಎರಡೇ ದಿನಗಳು ಉಳಿದಿದ್ದವು. ಅವರ ಮಗಳು ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪನ್ನು ಮುಂದಿಟ್ಟುಕೊಂಡು ಕುಳಿತಿದ್ದಳು. ಒ.ಟಿ.ಪಿ. ಬರುತ್ತಿದ್ದಿತು, ಆದರೆ ಅದನ್ನು ತುಂಬತಕ್ಕ ಪುಟವು ತೆರೆಯುವಷ್ಟರಲ್ಲಿ ಅದರ ಅವಧಿಯು ಮುಗಿದುಹೋಗುತ್ತಿದ್ದಿತು. “ಸಾಹೇಬರೇ, ಐವತ್ತರ ಪ್ಲಾನು ಇದ್ದದ್ದನ್ನು ನೂರಕ್ಕೆ ಏರಿಸಿದೆ. ದುಡ್ಡು ಹೋಯಿತೇ ಹೊರತು ವೇಗ ಬರಲಿಲ್ಲ” ಎಂದು ಯಜಮಾನರು ಹೇಳಿಕೊಂಡರು.

ಬೆಳಕಿನ ನಾರು, ಅಂದರೆ ಫೈಬರ್, ಆ ಮನೆಗೆ ಜಗಲಿಯ ಮೂಲೆಯಲ್ಲಿ ಪ್ರವೇಶಿಸಿದೆ. ಜನರು ಮೋಡೆಮ್ ಎಂದು ಕರೆಯುವ ಪೆಟ್ಟಿಗೆಯು ಅಲ್ಲಿಯೇ, ಮಕ್ಕಳ ಕೈಗೆ ಸಿಗಬಾರದೆಂದು ಕಬ್ಬಿಣದ ಕಪಾಟಿನೊಳಗೆ ಸುರಕ್ಷಿತವಾಗಿ ಕುಳಿತಿದ್ದಿತು. ಅಲ್ಲಿಂದ ಹಿಂದಿನ ಕೋಣೆಗೆ ಮೂರು ಚಿರೇಕಲ್ಲಿನ ಗೋಡೆಗಳು ಅಡ್ಡ. ಲ್ಯಾಪ್‌ಟಾಪನ್ನು ತಂತಿಯಿಂದ ಪೆಟ್ಟಿಗೆಗೇ ಜೋಡಿಸಿ ಪರೀಕ್ಷಿಸಿದಾಗ ವೇಗವು 94 ಮೆಗಾಬಿಟ್ ಬಂದಿತು. ತಂತಿಯಿಲ್ಲದೆ ಜಗಲಿಯ ಮೇಲೆ 40. ಹಿಂದಿನ ಕೋಣೆಯಲ್ಲಿ ಮೂರು. ನೂರಕ್ಕೆ ಹಣ ಕೊಟ್ಟು ಮೂರನ್ನು ಉಪಯೋಗಿಸುತ್ತಿದ್ದರೆಂದು ಆಗ ಸ್ಪಷ್ಟವಾಯಿತು. ನೋಂದಣಿಯೇನೋ ಹುಡುಗಿಯು ಜಗಲಿಗೆ ಬಂದು ಕುಳಿತ ಮೇಲೆ ಹತ್ತು ನಿಮಿಷಗಳಲ್ಲಿ ಮುಗಿಯಿತು.

ಕಟ್ಟದಿಂದ ಬಿಟ್ಟ ನೀರು ತೋಟದ ತುದಿಯನ್ನು ಮುಟ್ಟದಿದ್ದರೆ ತಿಳಿದ ತೋಟಿಗನು ಮೊದಲು ಕಟ್ಟವನ್ನು ಎತ್ತರಿಸಲು ಹೋಗುವುದಿಲ್ಲ. ಕಾಲುವೆಯು ಯಾವ ತಾವಿನಲ್ಲಿ ಜಿನುಗುತ್ತಿದೆಯೆಂದು ನೋಡುತ್ತಾನೆ. ಅಂತರ್ಜಾಲದ ವಿಷಯದಲ್ಲಿ ಮಾತ್ರ ನಾವು ಇದಕ್ಕೆ ವಿರುದ್ಧವಾಗಿ ನಡೆದು, ಜಿನುಗನ್ನು ಹುಡುಕದೆ ದೊಡ್ಡ ಪ್ಲಾನಿಗೆ ಹಣ ಕಟ್ಟುತ್ತೇವೆ.

ಅಳತೆಯ ವಿಷಯವನ್ನು ಮೊದಲು ತಿಳಿಯತಕ್ಕದ್ದು. ಕಂಪನಿಗಳು ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು ಹೇಳುತ್ತವೆ. ಚಿತ್ರಗಳ ಮತ್ತು ಕಡತಗಳ ಗಾತ್ರವನ್ನು ಮೆಗಾಬೈಟಿನಲ್ಲಿ ಹೇಳುವುದು ವಾಡಿಕೆ. 8 ಬಿಟ್ ಸೇರಿದರೆ 1 ಬೈಟ್. ಆದಕಾರಣ ನೂರು ಮೆಗಾಬಿಟ್ಟಿನ ಸಂಪರ್ಕದಲ್ಲಿ ಸೆಕೆಂಡಿಗೆ ಇಳಿಯುವುದು ಹೆಚ್ಚೆಂದರೆ ಹನ್ನೆರಡೂವರೆ ಮೆಗಾಬೈಟ್. ಇದು ಮೋಸವಲ್ಲ, ಸೇರು ಮತ್ತು ಪಾವಿನ ವ್ಯತ್ಯಾಸವಿದ್ದಂತೆ. 2023ರ ಜನವರಿಯಲ್ಲಿ ಕೇಂದ್ರ ಸರಕಾರವು ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು 512 ಕಿಲೋಬಿಟ್‌ನಿಂದ 2 ಮೆಗಾಬಿಟ್ಟಿಗೆ ಏರಿಸಿತು. ಮೇಲೆ ಹೇಳಿದ ಹಿಂದಿನ ಕೋಣೆಯು ಆ ಲೆಕ್ಕದಲ್ಲಿ ಹೇಗೋ ತೇರ್ಗಡೆಯಾಗುತ್ತದೆ! ಸರಕಾರದ ಜಾಲತಾಣಗಳಿಗೆ ಅತಿ ವೇಗವೇನೂ ಬೇಡ. ಒಂದು ಸ್ಪಷ್ಟವಾದ ಚಲನಚಿತ್ರಕ್ಕೂ ಐದಾರು ಮೆಗಾಬಿಟ್ ಸಾಕು. ಐದಾರು ಜನರಿರುವ ಸಂಸಾರಕ್ಕೆ ಐವತ್ತು ಮೆಗಾಬಿಟ್ ನಿಜವಾಗಿ ಕೋಣೆಯನ್ನು ಮುಟ್ಟುವುದಾದರೆ ಧಾರಾಳವಾಯಿತು.

ಪರೀಕ್ಷೆಯನ್ನು ಒಂದೇ ಸಲ ಮಾಡಿ ನಿರ್ಣಯಕ್ಕೆ ಬರಕೂಡದು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತರ ಸುಮಾರಿಗೆ, ಹೀಗೆ ಮೂರು ಸಲ ಪೆಟ್ಟಿಗೆಗೆ ತಂತಿ ಜೋಡಿಸಿಯೂ, ಮೂರು ಸಲ ಕೋಣೆಯಲ್ಲಿ ತಂತಿಯಿಲ್ಲದೆಯೂ ನೋಡಿ ಕಾಗದದ ಮೇಲೆ ಬರೆದಿಡಬೇಕು. ತಂತಿಯಲ್ಲಿಯೂ ರಾತ್ರಿ ಮಾತ್ರ ವೇಗವು ಕುಗ್ಗಿದರೆ ದೋಷವು ಹೊರಗಿನದು. ಆ ಕಾಗದವನ್ನು ತೋರಿಸಿ ಕಂಪನಿಯವರಲ್ಲಿ ದೂರು ಕೊಡಬಹುದು. ತಂತಿಯಲ್ಲಿ ಸರಿಯಿದ್ದು ಕೋಣೆಯಲ್ಲಿ ಮಾತ್ರ ಇಲ್ಲವಾದರೆ ದೋಷವು ಮನೆಯೊಳಗಿನದು, ಪರಿಹಾರವೂ ಮನೆಯೊಳಗಿನದೇ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಮಿನುಗುತ್ತಿದ್ದರೆ ನಾರಿನಲ್ಲಿ ಬೆಳಕೇ ಬರುತ್ತಿಲ್ಲವೆಂದು ಅರ್ಥ. ನಮ್ಮಲ್ಲಿ ತೆಂಗಿನ ಹೆಡೆ ಬಿದ್ದೋ, ಮಂಗಗಳು ಜೋತಾಡಿಯೋ ನಾರು ತುಂಡಾಗುವುದುಂಟು.

ತಂತಿಯಿಲ್ಲದ ಸಂಪರ್ಕವಾದ ವೈ-ಫೈಗೆ 1997ರಲ್ಲಿ ಮೊದಲ ಕಟ್ಟಳೆ ಏರ್ಪಟ್ಟಿತು. ಇಂದಿನ ಪೆಟ್ಟಿಗೆಗಳು ಸಾಮಾನ್ಯವಾಗಿ ಎರಡು ಬಗೆಯ ಅಲೆಗಳನ್ನು ಬಿಡುತ್ತವೆ. 2.4 ಗಿಗಾಹರ್ಟ್ಸಿನ ಅಲೆಯ ಉದ್ದ ಸುಮಾರು ಹನ್ನೆರಡು ಸೆಂಟಿಮೀಟರು; 5 ಗಿಗಾಹರ್ಟ್ಸಿನದು ಅದರ ಅರ್ಧದಷ್ಟು. ಮೊದಲನೆಯದು ನಿಧಾನಿ, ಆದರೆ ಗೋಡೆಯನ್ನು ಹೆಚ್ಚು ತಾಳಿಕೊಳ್ಳುತ್ತದೆ. ಎರಡನೆಯದು ಬಹು ಚುರುಕು, ಆದರೆ ಒಂದು ದಪ್ಪ ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಹೆಂಚಿನ ಮಾಡು ಅಷ್ಟು ಅಡ್ಡಿಯಲ್ಲ. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಮತ್ತು ನಮ್ಮ ಹಳೆಯ ಮನೆಗಳ ಮೊಳದಗಲದ ಚಿರೇಕಲ್ಲಿನ ಗೋಡೆ ದೊಡ್ಡ ಅಡ್ಡಿಗಳು. ನೀರು ಈ ಅಲೆಗಳನ್ನು ಹೀರಿಕೊಳ್ಳುವುದರಿಂದ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಈ ಕರಾವಳಿಯಲ್ಲಿ ನೆನೆದ ಗೋಡೆಯು ಒಣಗಿದ ಗೋಡೆಗಿಂತ ಹೆಚ್ಚು ತಡೆಯುತ್ತದೆ. ಬೇಸಗೆಯಲ್ಲಿ ಸರಿಯಿದ್ದದ್ದು ಆಷಾಢದಲ್ಲಿ ಕೆಟ್ಟಿತೆಂಬ ದೂರಿಗೆ ಇದೂ ಒಂದು ಕಾರಣ.

ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ಆಳೆತ್ತರದಲ್ಲಿ, ಬಯಲಾಗಿ ಇಡತಕ್ಕದ್ದು. ಕಬ್ಬಿಣದ ಕಪಾಟು, ತಾಮ್ರದ ಹಂಡೆ, ಕನ್ನಡಿ, ನೀರಿನ ಟಾಕಿ ಇವುಗಳ ಮರೆಯಲ್ಲಿ ಇಡಬಾರದು. ಅಡಿಗೆಮನೆಯ ಮೈಕ್ರೋವೇವ್ ಒಲೆಯು 2.4ರ ಅಲೆಗಳಿಗೆ ಶತ್ರುವೆಂದೇ ತಿಳಿಯಬೇಕು. ಮನೆಗಳು ಒತ್ತೊತ್ತಾಗಿರುವ ಪೇಟೆಯ ಭಾಗದಲ್ಲಿ 2.4ರ ಚಾನೆಲ್ಲನ್ನು 1, 6, 11 ಇವುಗಳಲ್ಲಿ ನೆರೆಯವರು ಉಪಯೋಗಿಸದ ಒಂದಕ್ಕೆ ಬದಲಿಸಿದರೆ ಗುಣ ಕಾಣುವುದು. ಅಂಗಡಿಯವರು ಮಾರುವ ರಿಪೀಟರ್ ಎಂಬ ಸಾಧನದ ಬಗ್ಗೆ ಎಚ್ಚರವಿರಲಿ. ಅಲೆಯೇ ತಲಪದ ಕೋಣೆಯಲ್ಲಿ ಅದನ್ನು ಇಟ್ಟರೆ ಇಲ್ಲದ ನೀರನ್ನು ಎತ್ತಲು ಪಂಪು ಹಾಕಿದಂತಾಗುತ್ತದೆ. ಅದನ್ನು ಅರ್ಧ ದಾರಿಯಲ್ಲಿ ಇಡಬೇಕು. ಒಂದೇ ಅಲೆಯಲ್ಲಿ ಕೇಳಿ ಅದರಲ್ಲೇ ಹೇಳುವ ಅಗ್ಗದ ರಿಪೀಟರಿನಲ್ಲಿ ಆಗಲೂ ವೇಗವು ಸುಮಾರು ಅರ್ಧಕ್ಕಿಳಿಯುತ್ತದೆ.

ಎಲ್ಲಕ್ಕಿಂತ ಉತ್ತಮವಾದುದು ತಂತಿಯೇ ಎಂದು ಈ ಲೇಖಕನ ಅಭಿಪ್ರಾಯ. 1973ರಲ್ಲಿ ಅಮೆರಿಕದಲ್ಲಿ ರಾಬರ್ಟ್ ಮೆಟ್ಕಾಫ್ ಎಂಬವರು ಯೋಚಿಸಿದ ಈಥರ್‌ನೆಟ್ ಪದ್ಧತಿಯೇ ಇಂದಿಗೂ ನಡೆಯುತ್ತಿದೆ. ಕ್ಯಾಟ್-5ಇ ಅಥವಾ ಕ್ಯಾಟ್-6 ಎಂದು ಮೈಮೇಲೆ ಮುದ್ರಿಸಿದ ಕೇಬಲ್ಲಿನಲ್ಲಿ ಎಂಟು ಎಳೆಗಳು ನಾಲ್ಕು ಜೋಡಿಗಳಾಗಿ ಹೊಸೆದಿರುತ್ತವೆ. ನೂರು ಮೀಟರಿನವರೆಗೆ ಇದು 1000 ಮೆಗಾಬಿಟ್ಟನ್ನು ನಷ್ಟವಿಲ್ಲದೆ ಒಯ್ಯಬಲ್ಲುದು. ಎಂಟರಲ್ಲಿ ಒಂದೆಳೆ ಕೆಟ್ಟರೂ ಅದು ನೂರಕ್ಕೆ ಇಳಿಯಬಹುದು. ನೂರಕ್ಕಿಂತ ದೊಡ್ಡ ಪ್ಲಾನಿದ್ದೂ ಪರೀಕ್ಷೆಯಲ್ಲಿ 94ರ ಆಸುಪಾಸಿನಲ್ಲೇ ನಿಂತುಬಿಡುವ ಮನೆಗಳಲ್ಲಿ ಎಳೆಯನ್ನೂ ಪೆಟ್ಟಿಗೆಯ ರಂಧ್ರವನ್ನೂ ಮೊದಲು ಶಂಕಿಸಬೇಕು. ಕೊಳ್ಳುವಾಗ ಎಳೆಯನ್ನು ಚೂರಿಯಿಂದ ಕೆರೆದು ನೋಡುವುದು ಒಳ್ಳೆಯದು. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯುಮಿನಿಯಂ. ಸುಲಭವಾಗಿ ಮುರಿಯುವ ಅಂಥ ಮಾಲನ್ನು ಕಡಲಗಾಳಿಯ ಈ ಪ್ರದೇಶದಲ್ಲಿ ಖಂಡಿತವಾಗಿ ಕೊಳ್ಳಬಾರದು. ಒಳ್ಳೆಯ ತಾಮ್ರದ ತುದಿಗೂ ಉಪ್ಪುಗಾಳಿಗೆ ಕಿಲುಬು ಹಿಡಿಯುವುದರಿಂದ ವರ್ಷಕ್ಕೊಮ್ಮೆ ತೆಗೆದು ಪರೀಕ್ಷಿಸಬೇಕು. ಮಾಡಿನ ಪಕಾಸಿಗಳ ಗುಂಟ ಒಯ್ಯುವಾಗ ಇಲಿಗಳ ಬಾಧೆ ತಪ್ಪಲು ಪ್ಲಾಸ್ಟಿಕ್ ಕೊಳವೆಯಲ್ಲಿ ತೂರಿಸುವುದು ಯೋಗ್ಯ. ಆದರೆ ವಿದ್ಯುತ್ತಿನ ತಂತಿಯಿರುವ ಕೊಳವೆಯಲ್ಲಿ ಅದನ್ನು ಸೇರಿಸತಕ್ಕದ್ದಲ್ಲ. ಹೊರಗಿನಿಂದ ಗೋಡೆಯೊಳಗೆ ಹೋಗುವಲ್ಲಿ ಕೇಬಲ್ಲನ್ನು ತುಸು ಕೆಳಗೆ ಜೋತು ಬಿಟ್ಟು ಮೇಲಕ್ಕೆ ತಿರುಗಿಸಿದರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುವುದು.

ಮೇಲಿನ ಮನೆಯಲ್ಲಿ ಮಾಡಿದುದೂ ಇದನ್ನೇ. ಪೆಟ್ಟಿಗೆಯನ್ನು ಕಪಾಟಿನಿಂದ ಹೊರಗೆ ತಂದು, ಸುಮಾರು ಇಪ್ಪತ್ತು ಮೀಟರು ಕೇಬಲ್ಲನ್ನು ಹಿಂದಿನ ಕೋಣೆಗೆ ಎಳೆದು, ಅದರ ತುದಿಗೆ ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ರೌಟರನ್ನು ಜೋಡಿಸಲಾಯಿತು. ಕೋಣೆಯಲ್ಲಿ ತಂತಿಯಿಲ್ಲದೆಯೇ ಐವತ್ತಕ್ಕೂ ಮೇಲೆ ವೇಗ ಬಂದಿತು. ಯಜಮಾನರು ಮರುತಿಂಗಳೇ ಹಿಂದಿನ ಸಣ್ಣ ಪ್ಲಾನಿಗೆ ಮರಳಿದರು.

ಗೋಡೆ ಕೊರೆಯಲು ಮನಸ್ಸಿಲ್ಲದವರಿಗೆ ಮೂರನೆಯ ದಾರಿಯೊಂದುಂಟು: ಮನೆಯ ವಿದ್ಯುತ್ ತಂತಿಗಳಲ್ಲಿಯೇ ಅಂತರ್ಜಾಲವನ್ನು ಹರಿಸುವ ಪವರ್‌ಲೈನ್ ಸಾಧನ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸಿದರೆ, ಇದು ಅದೇ ತಂತಿಯ ಮೇಲೆ ಲಕ್ಷೋಪಲಕ್ಷ ಸಲ ಕಂಪಿಸುವ ಸಂಕೇತವನ್ನು ಏರಿಸಿ ಕಳುಹಿಸುತ್ತದೆ. ಎರಡು ತುಂಡುಗಳು; ಒಂದನ್ನು ಪೆಟ್ಟಿಗೆಯ ಬಳಿಯ ಪ್ಲಗ್ಗಿಗೆ, ಇನ್ನೊಂದನ್ನು ದೂರದ ಕೋಣೆಯ ಪ್ಲಗ್ಗಿಗೆ ಹಾಕಿದರಾಯಿತು. ಇದಕ್ಕೆ 2010ರಲ್ಲಿ ಅಂತಾರಾಷ್ಟ್ರೀಯ ಕಟ್ಟಳೆಯೂ ಆಗಿದೆ. ಆದರೂ ನಮ್ಮ ಮನೆಗಳಿಗೆ ಇದನ್ನು ನಿಸ್ಸಂಶಯವಾಗಿ ಶಿಫಾರಸು ಮಾಡಲಾರೆನು. ಡಬ್ಬಿಯ ಮೇಲೆ ಬರೆದ ವೇಗದ ಮೂರನೆಯ ಒಂದು ಪಾಲು ಸಿಕ್ಕಿದರೂ ಅದೃಷ್ಟ. ಎರಡು ಪ್ಲಗ್ಗುಗಳು ಬೇರೆ ಬೇರೆ ಫೇಸಿನಲ್ಲಿದ್ದರೆ ಸಂಕೇತವು ದಾಟುವುದು ಕಷ್ಟ. ಒಂದು ಪ್ಲಗ್ಗು ಇನ್ವರ್ಟರಿನ ಆಚೆಗಿದ್ದರೆ ಬಹುಮಟ್ಟಿಗೆ ನಿಂತೇ ಹೋಗುತ್ತದೆ. ಪಂಪಿನ ಮೋಟಾರು, ಮಿಕ್ಸರು, ಅಗ್ಗದ ಎಲ್.ಇ.ಡಿ. ದೀಪ, ಮೊಬೈಲ್ ಚಾರ್ಜರು ಇವೆಲ್ಲ ತಂತಿಯಲ್ಲಿ ಗದ್ದಲವೆಬ್ಬಿಸುತ್ತವೆ. ವೈರಿಂಗು ಹೊಸದಾಗಿದ್ದು, ಅರ್ಥಿಂಗ್ ಸರಿಯಾಗಿರುವ ಮನೆಗಳಲ್ಲಿ ಮರಳಿಸುವ ಕರಾರಿನ ಮೇಲೆ ತಂದು ನೋಡಬಹುದು. ನೋಡುವಾಗ ನೇರವಾಗಿ ಗೋಡೆಯ ಪ್ಲಗ್ಗಿಗೇ ಹಾಕಬೇಕು, ಉದ್ದ ವೈರಿನ ಬೋರ್ಡಿಗಲ್ಲ.

ಸಿಡಿಲಿನ ವಿಷಯವನ್ನು ಹೇಳದಿದ್ದರೆ ಲೇಖನವು ಅಪೂರ್ಣವಾಗುವುದು. ಮುಂಗಾರಿನ ಮೊದಲು ಕೃತ್ತಿಕೆ, ರೋಹಿಣಿಗಳಲ್ಲಿಯೂ, ಹಿಂದಿನಿಂದ ಹಸ್ತ, ಚಿತ್ತಾಗಳಲ್ಲಿಯೂ ಇಲ್ಲಿ ಗುಡುಗು ಸಿಡಿಲು ಜೋರು. ಮನೆಯಿಂದ ಕೊಟ್ಟಿಗೆಗೋ ತೋಟದ ಪಂಪಿನ ಮನೆಗೋ ತಾಮ್ರದ ಕೇಬಲ್ಲನ್ನು ಎಳೆದವರು ಸಿಡಿಲಿಗೆ ತಾವೇ ಹಾದಿ ಮಾಡಿಕೊಟ್ಟಂತೆ; ಎರಡೂ ಕಡೆಯ ಯಂತ್ರಗಳು ಸುಡುವುದಲ್ಲದೆ ಮುಟ್ಟಿದವರಿಗೂ ಅಪಾಯ. ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ನಾರನ್ನೇ ಹಾಕಿಸಬೇಕು. ಗಾಜಿನಲ್ಲಿ ವಿದ್ಯುತ್ತು ಹರಿಯದು. ಆ ನಾರಿಗೆ ಬಲಕ್ಕಾಗಿ ಉಕ್ಕಿನ ತಂತಿ ಸೇರಿಸಿದ್ದರೆ ಅದನ್ನು ಹೊರಗೋಡೆಯಲ್ಲಿಯೇ ನಿಲ್ಲಿಸಿ ಬರಿಯ ನಾರನ್ನು ಒಳಗೆ ತರತಕ್ಕದ್ದು. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪೆಟ್ಟಿಗೆಯ ವಿದ್ಯುತ್ ಪ್ಲಗ್ಗನ್ನು ಕಿತ್ತಿಡುವುದು ಲೇಸು. ಸಿಡಿಲು ತಲೆಯ ಮೇಲೆ ಬಂದಾಗ ಕೀಳಲು ಹೋಗಬಾರದು.

ಮಳೆಗಾಲದಲ್ಲಿ ವಿದ್ಯುತ್ತು ಹೋದಾಗ ಪೆಟ್ಟಿಗೆಯೂ ಆರುವುದರಿಂದ, ರೌಟರಿಗಾಗಿಯೇ ಮಾರುವ ಸಣ್ಣ ಬ್ಯಾಟರಿಯೊಂದು ಇರುವುದು ಅನುಕೂಲ. ಕೊಳ್ಳುವ ಮೊದಲು ಪೆಟ್ಟಿಗೆಯ ತಳದಲ್ಲಿ ಬರೆದ ವೋಲ್ಟೇಜನ್ನು ಓದಿಕೊಳ್ಳಬೇಕು. ಹೆಚ್ಚಿನವು 12 ವೋಲ್ಟಿನವು, ಎಲ್ಲವೂ ಅಲ್ಲ. ನಾರಿನ ಪೆಟ್ಟಿಗೆ ಮತ್ತು ರೌಟರು ಬೇರೆ ಬೇರೆಯಾಗಿರುವ ಮನೆಯಲ್ಲಿ ಎರಡಕ್ಕೂ ಬ್ಯಾಟರಿಯ ಆಧಾರ ಬೇಕು. ಒಂದಕ್ಕೆ ಮಾತ್ರ ಕೊಟ್ಟು ವೈ-ಫೈ ಕಾಣಿಸುತ್ತದೆ, ಪುಟ ತೆರೆಯುವುದಿಲ್ಲವೆಂದು ಹೇಳುವವರು ಹಲವರಿದ್ದಾರೆ. ಬ್ಯಾಟರಿಯಿದ್ದೂ ಕೆಂಪು ದೀಪ ಬಂದರೆ ಕಂಪನಿಯ ಕಡೆಯ ಯಂತ್ರಕ್ಕೆ ವಿದ್ಯುತ್ತು ಇಲ್ಲದಿರಬಹುದು, ನಾರೇ ತುಂಡಾಗಿರಲೂಬಹುದು. ಆಗ ಮೊಬೈಲಿನ ಸಂಪರ್ಕದಿಂದ ಕೆಲಸ ಸಾಗಿಸಬೇಕೇ ಹೊರತು ಮನೆಯೊಳಗೆ ಮಾಡತಕ್ಕದ್ದು ಏನೂ ಇಲ್ಲ.