ಸೀಟು ಕಿತ್ತ ಬೋಗಿಯಲ್ಲಿ ಪಾರ್ಸೆಲ್ ಪಯಣ

ವಯಸ್ಸಾದ ಪ್ರಯಾಣಿಕರ ಬೋಗಿಯನ್ನು ಗುಜರಿಗೆ ಹಾಕುವ ಮುನ್ನ ಇನ್ನಷ್ಟು ವರ್ಷ ಸರಕು ಸಾಗಿಸಲು ಬಳಸುವ ರೂಢಿ ಭಾರತೀಯ ರೈಲ್ವೆಯಲ್ಲಿದೆ. ಹಳೆಯ ಐಸಿಎಫ್ (ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ಮಾದರಿಯ ಬೋಗಿಯ ಸೀಟು, ಫ್ಯಾನು, ಶೌಚಾಲಯಗಳನ್ನು ಕಿತ್ತು, ಕಿಟಕಿಗಳಿಗೆ ಉಕ್ಕಿನ ತಗಡು ಬೆಸೆದು, ಎರಡೂ ತುದಿಗೆ ಅಗಲವಾದ ಬಾಗಿಲು ಕೂರಿಸಿದರೆ ಅದು ‘ಎನ್‌ಎಂಜಿ’ ಬೋಗಿ ಎನಿಸಿಕೊಳ್ಳುತ್ತದೆ. ಇದರಲ್ಲಿ ಹೆಚ್ಚಾಗಿ ಹೋಗುವುದು ಕಾರುಗಳು. ಒಂದು ತುದಿಯಲ್ಲಿ ಹತ್ತಿಸಿದ ಕಾರು ಬೋಗಿಯಿಂದ ಬೋಗಿಗೆ ದಾಟುತ್ತ ಗಾಡಿಯ ಇನ್ನೊಂದು ತುದಿ ಮುಟ್ಟುತ್ತದೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನೈರುತ್ಯ ರೈಲ್ವೆಯು ಆಂಧ್ರದ ಪೆನುಕೊಂಡದಿಂದ ಹೊಸ ಕಾರುಗಳನ್ನು ಇಂಥ ಬೋಗಿಗಳಲ್ಲಿ ಕಳಿಸುತ್ತದೆ. ಸುಧಾರಿತ ಎನ್‌ಎಂಜಿಎಚ್‌ಎಸ್ ಬೋಗಿಗಳಿಗೆ ಗಂಟೆಗೆ 110 ಕಿ.ಮೀ. ವೇಗದ ಅನುಮತಿ ಇದೆ.

ಎನ್‌ಎಂಜಿ ಬೋಗಿಯನ್ನು ಎಳೆಯಲು ಎಂಜಿನ್ ಬೇಕು. ಇದರ ಮುಂದಿನ ಹೆಜ್ಜೆ ವಿದ್ಯುತ್ ಬಹುಘಟಕ ಗಾಡಿ. ಮುಂಬೈ ಲೋಕಲ್, ಬೆಂಗಳೂರಿನ ಮೆಮು ಈ ಬಗೆಯವು. ಅವಕ್ಕೆ ಬೇರೆ ಎಂಜಿನ್ ಇರುವುದಿಲ್ಲ, ಕೆಲವು ಬೋಗಿಗಳ ಅಡಿಯಲ್ಲೇ ಮೋಟಾರುಗಳಿರುತ್ತವೆ. ಬೇಗ ವೇಗ ಹಿಡಿಯುತ್ತವೆ, ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಎಂಜಿನ್ ತಿರುಗಿಸುವ ಕೆಲಸವಿಲ್ಲ. ಪಾರ್ಸೆಲ್ ಸಾಗಣೆಗೆ ಈ ಎರಡು ಗುಣಗಳೂ ಅನುಕೂಲ.

ಇದನ್ನು ಬ್ರಿಟನ್ ಮೊದಲೇ ಮಾಡಿ ನೋಡಿದೆ. ಅಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್‌ಗಾಗಿ 1995–96ರಲ್ಲಿ ನಾಲ್ಕು ಬೋಗಿಗಳ 16 ವಿದ್ಯುತ್ ಗಾಡಿಗಳು ತಯಾರಾದವು. ಅವುಗಳ ಆಯಸ್ಸು ಮುಗಿಯುತ್ತ ಬಂದಿದ್ದರಿಂದ 2024ರಲ್ಲಿ ಆ ಸೇವೆ ನಿಂತಿತು. ಅಷ್ಟರಲ್ಲಿ ಇನ್ನೊಂದು ದಾರಿ ತೆರೆದಿತ್ತು. 1988ರಿಂದ 1991ರ ನಡುವೆ ತಯಾರಾದ ಕ್ಲಾಸ್ 321 ಪ್ರಯಾಣಿಕರ ಗಾಡಿಗಳ ಸೀಟು ತೆಗೆದು ಪಾರ್ಸೆಲ್ ಗಾಡಿ ಮಾಡಲಾಯಿತು. ವರಾಮಿಸ್ ರೈಲ್ ಸಂಸ್ಥೆ 2023ರ ಜನವರಿಯಿಂದ ಬರ್ಮಿಂಗ್‌ಹ್ಯಾಮ್ ಮತ್ತು ಸ್ಕಾಟ್ಲೆಂಡಿನ ಮಾಸೆಂಡ್ ನಡುವೆ ಅಂಥ ಗಾಡಿಯನ್ನು ಓಡಿಸಿತು. ಭಾರತವು ಹಳೆಯದನ್ನು ಮಾರ್ಪಡಿಸುವ ಬದಲು, ಪಾರ್ಸೆಲ್‌ಗೆಂದೇ 160 ಕಿ.ಮೀ. ವೇಗದ, 16 ಬೋಗಿಗಳ ಹೊಸ ವಿದ್ಯುತ್ ಗಾಡಿಯ ಯೋಜನೆ ಕೈಗೊಂಡಿದೆ.

ಗುಡೂರಿನ ಗಂಟು

ಬಾಗಲಕೋಟೆ ಜಿಲ್ಲೆಯ ಗುಡೂರಿಗೆ ರೈಲಿಲ್ಲ. ಇಳಕಲ್ ಸೀರೆ ನೇಯುವ ಈ ಊರಿನ ಗಂಟು ರೈಲು ಹತ್ತಬೇಕಾದರೆ ಮೊದಲು ರಸ್ತೆಯಲ್ಲಿ ಬಾದಾಮಿಗೋ ಬಾಗಲಕೋಟೆಗೋ ಹೋಗಬೇಕು. 1884ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಗದಗ–ಹೋಟಗಿ ಮಾರ್ಗ ಇಂದು ಬ್ರಾಡ್‌ಗೇಜ್ ಆಗಿದೆ, ಮೇಲೆ ವಿದ್ಯುತ್ ತಂತಿಯೂ ಬಂದಿದೆ. ಆದರೆ ಸಣ್ಣ ನೇಕಾರನ ಗಂಟು ಹೋಗುವುದು ಪ್ರಯಾಣಿಕರ ಗಾಡಿಯ ತುದಿಯಲ್ಲಿರುವ, ಆಸನದ ಜೊತೆ ಲಗೇಜ್ ಕೋಣೆಯೂ ಇರುವ ಎಸ್‌ಎಲ್‌ಆರ್ ಬೋಗಿಯಲ್ಲಿ. ಅದರ ಒಂದು ಲಗೇಜ್ ಕೋಣೆಗೆ ಸಾಮಾನ್ಯವಾಗಿ 4 ಟನ್ ಮಿತಿ. ಗಾಡಿ ಎರಡು ನಿಮಿಷ ನಿಲ್ಲುವ ಸ್ಟೇಷನ್ನಿನಲ್ಲಿ ಹಮಾಲರು ಅಷ್ಟರೊಳಗೆ ಇಳಿಸಿ ಹತ್ತಿಸಬೇಕು.

ಪಾರ್ಸೆಲ್ ಆಫೀಸಿನಲ್ಲಿ ಗಂಟನ್ನು ತೂಗಿ, ರಸೀದಿ ಬರೆದು, ಹೊರಡುವ ಮತ್ತು ತಲುಪುವ ಸ್ಟೇಷನ್ನುಗಳ ಗುರುತು ಹಚ್ಚುತ್ತಾರೆ. ಈ ಗುರುತಿನ ಮಹತ್ವ ಗುಡೂರಿನವರಿಗೆ ಸುಲಭವಾಗಿ ತಿಳಿಯುತ್ತದೆ. ರೈಲ್ವೆ ನಕಾಶೆಯಲ್ಲಿ ‘ಗೂಡೂರು ಜಂಕ್ಷನ್’ ಎಂದಿರುವುದು ಆಂಧ್ರದ ಬೇರೊಂದು ಊರು. ಬಾಗಲಕೋಟೆ ಜಿಲ್ಲೆಗೆ ಬರುವ ಪಾರ್ಸೆಲ್ ಮೇಲೆ ಊರಿನ ಹೆಸರಷ್ಟೇ ಇದ್ದರೆ ಸಾಲದು, ಇಳಿಯುವ ಸ್ಟೇಷನ್ ಸ್ಪಷ್ಟವಾಗಿ ಇರಬೇಕು.

ಮಾರ್ಪಾಡಿನಲ್ಲಿ ಏನೇನು?

ಇಂಥ ಗಂಟುಗಳಿಗಾಗಿ ಹಳೆಯ ವಿದ್ಯುತ್ ಗಾಡಿಯನ್ನು ಮಾರ್ಪಡಿಸಲು ಸೀಟು ಕಿತ್ತರಷ್ಟೇ ಸಾಲದು. ಮನುಷ್ಯರ ಭಾರ ಬೋಗಿಯ ತುಂಬ ಹರಡಿಕೊಂಡಿರುತ್ತದೆ. ಪಾರ್ಸೆಲ್ ಭಾರ ಹಾಗಲ್ಲ, ಸಾಮಾನು ತುಂಬಿ ತಳ್ಳುವ ಪಂಜರವೊಂದರ ಪೂರ್ತಿ ತೂಕ ಅದರ ನಾಲ್ಕು ಸಣ್ಣ ಗಾಲಿಗಳ ಮೇಲೆ ಬೀಳುತ್ತದೆ. ಅದಕ್ಕೆ ನೆಲವನ್ನು ಬಲಪಡಿಸಬೇಕು. ಬ್ರೇಕ್ ಹಾಕಿದಾಗ ಸಾಮಾನು ಸರಿಯದಂತೆ ಪಟ್ಟಿ ಬಿಗಿಯಲು ಕೊಂಡಿಗಳು ಬೇಕು. ಎಡಬಲದ ತೂಕ ಸಮವಾಗಿರಬೇಕು. ಪ್ಲಾಟ್‌ಫಾರ್ಮಿನ ಮಟ್ಟಕ್ಕೂ ಬೋಗಿಯ ನೆಲಕ್ಕೂ ಅಂತರ ಉಳಿದರೆ ಹಲಗೆ ಹಾಸಬೇಕು. ಮೋಟಾರು, ಟ್ರಾನ್ಸ್‌ಫಾರ್ಮರ್, ಬ್ರೇಕುಗಳು ಮಾತ್ರ ಹಳೆಯವೇ ಉಳಿಯುತ್ತವೆ. ಆದ್ದರಿಂದ ಮೂವತ್ತು ವರ್ಷ ಓಡಿದ ಯಂತ್ರ ನಡುದಾರಿಯಲ್ಲಿ ನಿಂತರೆ ಏನು ಮಾಡಬೇಕೆಂಬುದನ್ನು ಮೊದಲೇ ನಿರ್ಧರಿಸದೆ ಇಂಥ ಗಾಡಿಯನ್ನು ಹಳಿಗೆ ಬಿಡಲಾಗದು.

ಗಾಡಿ ನಿಂತಾಗ

ತಂತಿಯಲ್ಲಿ 25,000 ವೋಲ್ಟ್ ವಿದ್ಯುತ್ ಹರಿಯುತ್ತದೆ. ಗಾಡಿಯ ನೆತ್ತಿಯ ಮೇಲಿನ ಪ್ಯಾಂಟೋಗ್ರಾಫ್ ಎಂಬ ತೋಳು ತನ್ನ ಇಂಗಾಲದ ಪಟ್ಟಿಯಿಂದ ತಂತಿಯನ್ನು ಸವರುತ್ತ ವಿದ್ಯುತ್ ಪಡೆಯುತ್ತದೆ. ದಾರಿಯಲ್ಲಿ ಅಲ್ಲಲ್ಲಿ ತಂತಿಗೆ ವಿದ್ಯುತ್ತೇ ಇಲ್ಲದ ಚಿಕ್ಕ ತುಂಡುಗಳಿವೆ. ಎರಡು ಸಬ್‌ಸ್ಟೇಷನ್ನುಗಳ ವಿದ್ಯುತ್ ಒಂದಕ್ಕೊಂದು ಕೂಡದಂತೆ ಬಿಟ್ಟ ಈ ಜಾಗಕ್ಕೆ ನ್ಯೂಟ್ರಲ್ ಸೆಕ್ಷನ್ ಎನ್ನುತ್ತಾರೆ. 500 ಮೀಟರ್ ಮೊದಲು ಒಂದು, 250 ಮೀಟರ್ ಮೊದಲು ಇನ್ನೊಂದು ಎಚ್ಚರಿಕೆ ಫಲಕ ಇರುತ್ತದೆ. ಲೋಕೋ ಪೈಲಟ್ ಸರ್ಕ್ಯೂಟ್ ಬ್ರೇಕರ್ ತೆರೆದು, ಇದ್ದ ವೇಗದಲ್ಲೇ ಗಾಡಿಯನ್ನು ಉರುಳಿಸಿಕೊಂಡು ದಾಟುತ್ತಾನೆ. ವೇಗ ಸಾಲದೆ ಅಲ್ಲೇ ನಿಂತರೆ, ಯಾವ ದೋಷವೂ ಇಲ್ಲದ ಗಾಡಿಗೂ ಹೊರಗಿನ ನೆರವು ಬೇಕಾಗುತ್ತದೆ.

ಬಹುಘಟಕ ಗಾಡಿಯ ದೊಡ್ಡ ಅನುಕೂಲ ಹಂಚಿಹೋದ ಶಕ್ತಿ. ಒಂದು ಮೋಟಾರು ಬೋಗಿ ಕೆಟ್ಟರೆ ಅದನ್ನು ಬೇರ್ಪಡಿಸಿ, ಉಳಿದವುಗಳ ಬಲದಿಂದ ಮುಂದಿನ ಸ್ಟೇಷನ್ ಸೇರಬಹುದು. ಬ್ರೇಕಿನ ದೋಷ ಬೇರೆ ಬಗೆಯದು. ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಚದರ ಸೆಂ.ಮೀ.ಗೆ 5 ಕೆ.ಜಿ. ಇದ್ದಾಗ ಬ್ರೇಕು ಬಿಡುತ್ತದೆ, ಒತ್ತಡ ಇಳಿದರೆ ಹಿಡಿಯುತ್ತದೆ. ಒಂದು ಬೋಗಿಯ ಬ್ರೇಕು ಬಿಡದೆ ಕಚ್ಚಿಕೊಂಡರೆ ಚಕ್ರ ಕಾದು ಹೊಗೆ ಏಳುತ್ತದೆ. ಆಗ ಸಿಬ್ಬಂದಿ ಕೆಳಗಿಳಿದು, ಆ ಬೋಗಿಯ ಗಾಳಿ ಬಿಟ್ಟು, ಅದರ ಬ್ರೇಕನ್ನು ಬೇರ್ಪಡಿಸಿ ಗಾಡಿ ಮುಂದುವರಿಸುತ್ತಾರೆ.

ತಂತಿಯೇ ಹರಿದರೆ ಸಿಬ್ಬಂದಿಯ ಕೈಯಲ್ಲಿ ಏನೂ ಇಲ್ಲ. ವಿದ್ಯುತ್ ನಿಯಂತ್ರಕರು ಪೂರೈಕೆ ಕಡಿದು, ಟವರ್ ವ್ಯಾಗನ್ ಬಂದು, ಎರಡೂ ಬದಿಗೆ ಅರ್ಥಿಂಗ್ ಸಲಾಕೆ ಸಿಕ್ಕಿಸಿದ ಮೇಲೆಯೇ ತಂತಿ ಮುಟ್ಟಬೇಕು.

ಗಾಡಿ ಚಲಿಸದೆಂದು ಖಚಿತವಾದರೆ ಮೊದಲ ಕೆಲಸ ರಕ್ಷಣೆ. ಪಕ್ಕದ ಹಳಿಗೆ ಅಡ್ಡಿಯಾಗಿದ್ದರೆ ಅದನ್ನೇ ಮೊದಲು ಕಾಯಬೇಕು. ಗಾಡಿಯಿಂದ 600 ಮೀಟರ್ ದೂರದಲ್ಲಿ ಹಳಿಯ ಮೇಲೆ ಡಿಟೊನೇಟರ್ ಎಂಬ ಒಂದು ಪಟಾಕಿ, 1,200 ಮೀಟರ್ ದೂರದಲ್ಲಿ ಹತ್ತು ಮೀಟರಿಗೊಂದರಂತೆ ಮೂರು ಇಡುತ್ತಾರೆ. ಎದುರು ಬರುವ ಗಾಡಿಯ ಚಕ್ರದಡಿ ಅವು ಸಿಡಿದರೆ ಚಾಲಕ ನಿಲ್ಲಿಸುತ್ತಾನೆ. ಒಮ್ಮೆ ನೆರವು ಕೇಳಿದ ಮೇಲೆ, ದೋಷ ತಾನಾಗಿ ಸರಿಹೋದರೂ ಅಪ್ಪಣೆಯಿಲ್ಲದೆ ಗಾಡಿ ಕದಲಿಸುವಂತಿಲ್ಲ. ನೆರವಿನ ಎಂಜಿನ್ ಅದೇ ಹಳಿಯಲ್ಲಿ ಬರುತ್ತಿರುತ್ತದೆ.

ಎಂಜಿನ್ ಬಂದರೂ ಕೊಂಡಿ ಕೂಡಬೇಕು. ಬಹುಘಟಕ ಗಾಡಿಯ ಕೊಂಡಿ ಸಾಮಾನ್ಯ ಎಂಜಿನ್ನಿನ ಕೊಂಡಿಗೆ ಹೊಂದದಿದ್ದರೆ ನಡುವೆ ಸೇರಿಸುವ ಕೊಂಡಿ ಸಿದ್ಧವಿರಬೇಕು. ರಾಯಲ್ ಮೇಲ್ ಗಾಡಿಗಳನ್ನು ಎಂಜಿನ್ ಕೂಡ ಎಳೆಯಬಹುದಾಗಿತ್ತು.

ಇಷ್ಟಾದ ಮೇಲೆ ಸರಕಿನ ಸರದಿ. ಗಾಡಿಯನ್ನು ಪ್ಲಾಟ್‌ಫಾರ್ಮ್ ಇರುವ ಸ್ಟೇಷನ್ನಿಗೆ ಎಳೆದು ತಂದು, ಮೊಹರು ಪರೀಕ್ಷಿಸಿ, ಪಟ್ಟಿಗೆ ತಾಳೆ ನೋಡಿ, ಬೇರೆ ಗಾಡಿಗೋ ಲಾರಿಗೋ ದಾಟಿಸಬೇಕು. ಹಣ್ಣು, ಹೂವು ಮೊದಲು, ಸೀರೆ ಆಮೇಲೆ. ಹಣ್ಣು ತಡವಾದರೆ ಕೊಳೆಯುತ್ತದೆ, ಸೀರೆ ತಡವಾದರೆ ಕೆಡುವುದಿಲ್ಲ. ಆದರೆ ನೇಕಾರನಿಗೆ ಮದುವೆ ಹಂಗಾಮು ಕಾಯುವುದಿಲ್ಲ, ಹಾಗಾಗಿ ಅವನ ಗಂಟು ಎಲ್ಲಿದೆ, ಯಾವಾಗ ಮುಟ್ಟುತ್ತದೆ ಎಂಬ ಸುದ್ದಿಯನ್ನು ಅದೇ ದಿನ ತಿಳಿಸುವುದೂ ದುರಸ್ತಿಯ ಭಾಗವೇ.