ಆರಂಕಿಗಾಗಿ ನಡೆದ ಜಗಳ

ಓಟಿಪಿ ಒಂದು ನಿಮಿಷ ತಡವಾದರೆ ಫೋನಿಗೆ ಶಾಪ ಹಾಕುವ ಮಂದಿ ನಾವು. ಆ ಆರಂಕಿಯನ್ನು ಉಳಿಸಿಕೊಳ್ಳಲು ರಿಸರ್ವ್ ಬ್ಯಾಂಕು ಒಂದು ಟ್ಯಾಕ್ಸಿ ಕಂಪನಿಯ ಜೊತೆ ಜಗ್ಗಾಡಬೇಕಾಯಿತೆಂಬುದು ಎಷ್ಟು ಜನರಿಗೆ ನೆನಪಿದೆಯೋ.

ಉಬರ್ ಭಾರತದಲ್ಲಿ ಮೊದಲು ಕಾಲಿಟ್ಟದ್ದು ಬೆಂಗಳೂರಿನಲ್ಲಿ, 2013ರಲ್ಲಿ. ಕಾರ್ಡಿನ ವಿವರ ಒಮ್ಮೆ ಕೊಟ್ಟರೆ ಮುಗಿಯಿತು. ಕಾರಿನಿಂದ ಇಳಿದು ನಡೆದರೆ ಬಾಡಿಗೆ ತಾನೇ ಕಡಿತವಾಗುತ್ತಿತ್ತು. ಜನಕ್ಕೆ ಖುಷಿಯೋ ಖುಷಿ. ಆದರೆ ಕಾರ್ಡಿನ ಮೇಲೆ ಅಚ್ಚಾದ ಸಂಖ್ಯೆಗಳಷ್ಟೇ ಸಾಲದು, ಅದರ ಮೇಲಿಲ್ಲದ ಇನ್ನೊಂದು ಗುಟ್ಟೂ ಬೇಕೆಂದು ರಿಸರ್ವ್ ಬ್ಯಾಂಕು 2009ರ ಫೆಬ್ರುವರಿಯಲ್ಲೇ ಹೇಳಿ, ಆಗಸ್ಟ್ 1ರಿಂದ ಆನ್‌ಲೈನ್ ಪಾವತಿಗೆ ಕಡ್ಡಾಯ ಮಾಡಿತ್ತು. ಮೊದಮೊದಲು ಆ ಗುಟ್ಟು ನಾವೇ ಇಟ್ಟು ನಾವೇ ಮರೆಯುತ್ತಿದ್ದ ಪಾಸ್‌ವರ್ಡು. ಬರಬರುತ್ತ ಓಟಿಪಿ ಆ ಜಾಗ ಹಿಡಿಯಿತು. ಉಬರ್ ಇದನ್ನು ದಾಟಿದ ಬಗೆ ನೋಡಿ: ಇಲ್ಲಿಯ ಬಾಡಿಗೆಯನ್ನು ಹೊರದೇಶದ ಮೂಲಕ ಹಾಯಿಸಿತು. ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಹೋದರೂ ಲೆಕ್ಕದಲ್ಲಿ ಅದು ಪರದೇಶದ ವ್ಯಾಪಾರ!

ಇಲ್ಲಿಯ ಟ್ಯಾಕ್ಸಿ ಕಂಪನಿಗಳು ದೂರಿದವು. 2014ರ ಆಗಸ್ಟ್ 22ರಂದು ರಿಸರ್ವ್ ಬ್ಯಾಂಕು ಖಡಕ್ಕಾಗಿ ಬರೆಯಿತು: ಕಾರ್ಡು ಇಲ್ಲಿಯದು, ಸೇವೆ ಇಲ್ಲಿಯದು, ಹಣವೂ ಇಲ್ಲಿಯ ಬ್ಯಾಂಕಿನ ಮೂಲಕ ರೂಪಾಯಿಯಲ್ಲೇ ಹೋಗಬೇಕು. ಗಡುವು ಅಕ್ಟೋಬರ್ 31. ಹೊಸತಕ್ಕೆ ಅಡ್ಡಗಾಲು ಎಂದು ಆಡಿಕೊಂಡವರಿಗೆ ಬರವಿರಲಿಲ್ಲ. ಕೊನೆಗೆ ನವೆಂಬರಿನಲ್ಲಿ ಉಬರ್ ಪೇಟಿಎಂ ವ್ಯಾಲೆಟ್ ಹಿಡಿಯಿತು. ಮರುವರ್ಷ ಹೈದರಾಬಾದಿನಲ್ಲಿ ನಗದಿಗೇ ಕೈಯೊಡ್ಡಿತು. ನಾನಂತೂ ಈ ಜಗಳದಲ್ಲಿ ರಿಸರ್ವ್ ಬ್ಯಾಂಕಿನ ಕಡೆ.

ವಿಜಯಪುರ ಜಿಲ್ಲೆಯ ಇಂಗಳೇಶ್ವರದ ಕಡೆಯಿಂದ ನೋಡಿದರೆ ಕಾರಣ ತಿಳಿದೀತು. ಕಾರ್ಡು ಅಪ್ಪನ ಹೆಸರಲ್ಲಿ, ಮೊಬೈಲು ಮಗನ ಕೈಯಲ್ಲಿ, ಫಾರ್ಮು ತುಂಬುವವನು ಬಾಗೇವಾಡಿಯ ನೆಟ್ ಸೆಂಟರಿನ ಹುಡುಗ. “ಓಟಿಪಿ ಬಂತೇನ್ರೀ ಕಾಕಾ?” “ಬಂತ್ ನೋಡು, ಬರ್ಕೋ ತಮ್ಮಾ.” ಆರೂ ಅಂಕಿ ಪಾಳಿ ಹಚ್ಚಿದವರಿಗೆಲ್ಲ ಕೇಳುತ್ತವೆ. ಕಾರ್ಡಿನ ಬೆನ್ನ ಮೇಲಿನ ಮೂರಂಕಿಯ ಸಿವಿವಿ ಅಷ್ಟರಲ್ಲಿ ಟೈಪಾಗಿರುತ್ತದೆ. ಸಹಿ ತುಸು ಓರೆಯಾದರೂ ತಲೆಯೆತ್ತಿ ಮುಖ ನೋಡುತ್ತಿದ್ದ ಕ್ಯಾಷಿಯರ್ ಈ ವ್ಯವಹಾರದಲ್ಲಿ ಎಲ್ಲೂ ಇಲ್ಲ; ಉಳಿದ ಒಂದೇ ಕಾವಲು ಆ ಆರಂಕಿ. 2025ರ ಮೇ ತಿಂಗಳಲ್ಲಿ ಮನಗೂಳಿಯ ಬ್ಯಾಂಕಿನಿಂದ ಸುಮಾರು 59 ಕೆ.ಜಿ. ಚಿನ್ನ ಕಳುವಾದಾಗ ಜಿಲ್ಲೆಯೆಲ್ಲ ಅದೇ ಮಾತು. ಆದರೆ ಕಾರ್ಡಿನ ಹಣ ಹೋದರೆ, ಮೆಸೇಜು ಓದುವ ತನಕ ಮನೆಯವರಿಗೂ ಸುದ್ದಿಯಿಲ್ಲ.

ಗೆದ್ದ ಜಗಳವೂ ಅರ್ಧವೇ. ಇಲ್ಲಿಯ ಅಂಗಡಿಗಳಿಗೆ ಕಡಿವಾಣ ಬಿತ್ತು. ಆದರೆ ಎಷ್ಟೋ ವಿದೇಶಿ ಜಾಲತಾಣಗಳು ಓಟಿಪಿಯಿಲ್ಲದೆಯೇ ಹಣ ಎಳೆಯಬಲ್ಲವು. ಅದಕ್ಕೇ 2020ರ ಜನವರಿಯಲ್ಲಿ ಇನ್ನೊಂದು ಸುತ್ತೋಲೆ ಬಂತು: ಹೊಸ ಕಾರ್ಡು ದೇಶದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪಿಂಗ್ ಯಂತ್ರಕ್ಕೆ ಮಾತ್ರ ನಡೆಯಬೇಕು, ಆನ್‌ಲೈನ್, ವಿದೇಶಿ ಪಾವತಿ ಬೇಕಾದವರು ತಾವೇ ಆನ್ ಮಾಡಿಕೊಳ್ಳಲಿ, ಮಿತಿಯನ್ನೂ ತಾವೇ ಹಾಕಿಕೊಳ್ಳಲಿ. ಇಷ್ಟು ಒಳ್ಳೆಯ ಸ್ವಿಚ್ಚನ್ನು ಆ್ಯಪಿನ ಯಾವುದೋ ಮೂಲೆಯಲ್ಲಿ ಹುದುಗಿಸಿಟ್ಟರೆ ಊರ ಹಿರಿಯರಿಗೆ ಸಿಗುವುದೆಂತು? ಹುಡುಕಿಯಾದರೂ ವಿದೇಶಿ ಪಾವತಿಯನ್ನು ಆಫ್ ಮಾಡಿಡಿ. 2022ರ ಅಕ್ಟೋಬರ್ 1ರಿಂದ ಇಲ್ಲಿಯ ಅಂಗಡಿಗಳು ಕಾರ್ಡಿನ ಪೂರ್ತಿ ಸಂಖ್ಯೆ ಇಟ್ಟುಕೊಳ್ಳುವಂತಿಲ್ಲ, ಅದರ ಜಾಗದಲ್ಲಿ ಟೋಕನ್ ಎಂಬ ಬದಲಿ ಸಂಕೇತ ಇರುತ್ತದೆ.

ಇಷ್ಟಾದರೂ ಹಣ ಹೋದರೆ? 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲದಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ. ಓಟಿಪಿಯನ್ನು ನಾವೇ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದು ನಮ್ಮ ತಲೆಗೆ, ಆಮೇಲಿನದು ಬ್ಯಾಂಕಿನ ತಲೆಗೆ. ಹೀಗಾಗಿ ಮೊದಲ ಫೋನು ಬ್ಯಾಂಕಿಗೆ, ಎರಡನೆಯದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಊರವರಿಗೆ ಕಥೆ ಹೇಳುವುದು ಆಮೇಲೆ.